ಮೇಷ್ಟರ ಕತ್ತಿಗೆ ಮೂರು ಗೆರೆ ವಿಭೂತಿ

ಆ ಕತ್ತಿಗೆ ತುಕ್ಕು ಹಿಡಿದದ್ದು ಹ್ಯೂಸ್ಟನ್ನಿನ ಹವೆಯಿಂದ ಅಲ್ಲ, ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹ್ಯೂಸ್ಟನ್ನಿನ ಪಕ್ಕ ನಾವಿರುವ ಶುಗರ್ ಲ್ಯಾಂಡಿನ ಕನ್ನಡದವರಲ್ಲಿ ಅರ್ಧ ಜನ ಇವತ್ತಿಗೂ ಹವೆಯನ್ನು ಬೈಯುತ್ತಾರೆ, ಇನ್ನರ್ಧ ಜನ ನನ್ನ ಅಳಿಯನನ್ನು ಬೈಯುತ್ತಾರೆ. ಹವೆಗೆ ಕಿವಿಯಿಲ್ಲ, ಅಳಿಯನಿಗೆ ಬಾಯಿಲ್ಲ. ಎರಡೂ ಸರಿಯಾಗಿರುವವಳು ಮನೆಯಲ್ಲಿ ನಾನೊಬ್ಬಳೇ, ಆದ್ದರಿಂದ ನಾನೇ ಹೇಳಬೇಕು.

ಬಾಯಿ ಜೋರಿದ್ದವರಿಗೆ ಧೈರ್ಯ ಜಾಸ್ತಿ ಅಂತ ಜನ ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ನಾನು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಗಣಿತದ ಮೇಷ್ಟರ ಬೆತ್ತಕ್ಕೆ ಹೆದರಿ ಬಿಟ್ಟದ್ದು. ಮನೆಯಲ್ಲಿ ಮಾತ್ರ, ಮೇಷ್ಟ್ರಿಗೆ ಪಾಠ ಹೇಳಲು ಬರುವುದಿಲ್ಲ ಅಂತ ಬೈದೆ. ಅಲ್ಲಿಂದ ಅದೇ ರೂಢಿಯಾಯಿತು. ಯಾವುದಕ್ಕೆ ಹೆದರಿಕೆಯೋ ಅದನ್ನು ಬೈಯುವುದು. ಅಮೆರಿಕಕ್ಕೆ ಬಂದ ಮೇಲೆ ನನ್ನ ಬಾಯಿಗೆ ಬಿಡುವೇ ಇಲ್ಲವಾಯಿತು. ಮೇಲಕ್ಕೆ ಹರಿಯುವ ಮೆಟ್ಟಿಲನ್ನು ಬೈದೆ, ಯಾರೂ ಮುಟ್ಟದೆ ತಾನೇ ಇಳಿಯುವ ಗರಾಜಿನ ಬಾಗಿಲನ್ನು ಬೈದೆ, ಪಕ್ಕದ ಮನೆಯ ಕರುವಿನ ಗಾತ್ರದ ನಾಯಿಯನ್ನು ಬೇಲಿಯ ಈಚೆ ನಿಂತು ಬೈದೆ. ಗೋಡೆಯ ಫೋನು ಹೊಡೆದುಕೊಂಡಾಗ ಎತ್ತಿ, ಆ ಕಡೆ ಇಂಗ್ಲಿಷು ಕೇಳಿದರೆ, ಕನ್ನಡದಲ್ಲಿ ಬೈದು ಇಡುತ್ತಿದ್ದೆ. ಹೀಗಿದ್ದ ನನಗೆ ಬೈಯಲೂ ಧೈರ್ಯ ಸಾಲದ ವಸ್ತುವೊಂದು ಮನೆಗೆ ಬಂದದ್ದು ನನ್ನ ಅಳಿಯ ಶ್ರೀಧರರಿಂದ.

ಅವರು ಎಂಥವರೆಂದು ಹೇಳಬೇಕು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಮನುಷ್ಯ. ನನ್ನ ಮಗಳು ವಸುಧಾ ಕಾಫಿಗೆ ಸಕ್ಕರೆ ಹಾಕುವುದು ಮರೆತರೆ ಹಾಗೇ ಕುಡಿದು ಲೋಟ ತೊಳೆದಿಡುವವರು. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಅವರ ಆಫೀಸು ಮುಚ್ಚಿಹೋಯಿತು. ಬೆಳಿಗ್ಗೆ ಹೋದವರು ಹತ್ತು ಗಂಟೆಗೆಲ್ಲ ಒಂದು ರಟ್ಟಿನ ಡಬ್ಬ ಹಿಡಿದು ವಾಪಸ್ ಬಂದರು. ಡಬ್ಬದಲ್ಲಿ ಒಂದು ಕಾಫಿ ಕಪ್ಪು, ಒಂದು ಗಿಡ, ನನ್ನ ಮೊಮ್ಮಗಳು ನಿಶಾಳ ಫೋಟೋ. ಡಬ್ಬ ಇಳಿಸಿ ಟಿವಿಯ ಮುಂದಿನ ಒರಗು ಕುರ್ಚಿಯಲ್ಲಿ ಕೂತರು. ಎಂಟು ತಿಂಗಳು ಕೂತರು. ಟಿವಿ ಓಡುತ್ತಿತ್ತು, ದನಿ ಇರುತ್ತಿರಲಿಲ್ಲ. ನಾನು ಹಿಂದಿನಿಂದ ಅಡುಗೆಮನೆಗೂ ಹಾಲಿಗೂ ಓಡಾಡುವಾಗ ಕಾಣುತ್ತಿದ್ದುದು ಅವರ ಬೆನ್ನು, ಕುತ್ತಿಗೆ, ಆ ಕುತ್ತಿಗೆಯ ಮೇಲೆ ಕ್ಷೌರ ಕಾಣದ ಕೂದಲು. ಬೈಯೋಣವೆಂದರೆ ಬೈಯಲು ಅವರು ಏನಾದರೂ ಮಾಡಬೇಕಲ್ಲ. ಏನೂ ಮಾಡುತ್ತಿರಲಿಲ್ಲ. ಆ ಬೆನ್ನು ನೋಡಿದರೆ ನನಗೆ ಒಳಗೊಳಗೇ ಹೆದರಿಕೆ. ನಾಯಿಗಿಂತ, ಗರಾಜಿನ ಬಾಗಿಲಿಗಿಂತ ಹೆಚ್ಚು.

ಒಂದು ದಿನ ವಸುಧಾ ಡೋನಟ್ ತರಲು ಅವರನ್ನು ಬಲವಂತವಾಗಿ ಅಟ್ಟಿದಳು. ಅಂಗಡಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಮಿಷನ್ನಿನ ಅಂಗಡಿ, ಅದರ ಪಕ್ಕದಲ್ಲಿ ಜಪಾನಿನ ಕತ್ತಿ ವಿದ್ಯೆ ಕಲಿಸುವ ಒಂದು ಹಾಲು. ಡೋನಟ್ ತರಲು ಹೋದವರು ಎರಡು ಗಂಟೆ ಬಿಟ್ಟು ಬರಿಗೈಯಲ್ಲಿ ಬಂದು, ಕಣ್ಣು ಸ್ವಲ್ಪ ಅಗಲ ಮಾಡಿಕೊಂಡು, ನಾನು ಭಾನುವಾರದಿಂದ ಕ್ಲಾಸಿಗೆ ಹೋಗ್ತೀನಿ ಅಂದರು. ಡಬ್ಬ ತಂದ ದಿನದಿಂದ ಅವರಾಗಿ ಬಾಯಿಬಿಟ್ಟು ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ವಸುಧಾ ಏನೂ ಕೇಳದೆ ಹೂಂ ಅಂದಳು. ನನಗೆ ಕುರ್ಚಿ ಖಾಲಿಯಾದರೆ ಸಾಕಿತ್ತು.

ಮೊದಲ ವರ್ಷ ಮರದ ಕತ್ತಿ. ಹಿತ್ತಲ ಹುಲ್ಲಿನ ಮೇಲೆ ಮಂಡಿಯೂರಿ ಕೂರುವುದು, ಏಳುವುದು, ಗಾಳಿಗೆ ಒಂದು ಏಟು, ಮತ್ತೆ ಕೂರುವುದು. ಮುಂದಿನ ವರ್ಷ ಮೊಂಡು ಕತ್ತಿ. ನೋಡಲು ಕತ್ತಿಯೇ, ಆದರೆ ಬೆಣ್ಣೆಯೂ ಕುಯ್ಯುವುದಿಲ್ಲ. ಒಂದು ಸಂಜೆ ಕುತೂಹಲ ತಡೆಯದೆ ಕೇಳಿದೆ, ಅಲ್ಲಿ ಏನು ಕಲಿಸ್ತಾರೆ ಅಂತ.

"ಮುಖ್ಯವಾಗಿ ಕತ್ತಿ ಆಚೆ ತೆಗೆಯೋದು, ಒಳಗೆ ಇಡೋದು ಅತ್ತೆ," ಅಂದರು.

"ಇಷ್ಟಕ್ಕೆ ಎರಡು ವರ್ಷವಾ?"

"ಇನ್ನೂ ಒಳಗೆ ಇಡೋದು ಸರಿಯಾಗಿ ಬಂದಿಲ್ಲ."

ನಗು ಬರಬೇಕಾದ ಮಾತು. ಬರಲಿಲ್ಲ. ಅವರು ಅದನ್ನು ಹೇಳಿದ ರೀತಿ ಹಾಗಿತ್ತು. ಇಂಥ ತಾಳ್ಮೆಯವರು ಒಳಗೆ ಏನೇನು ಕೂಡಿಟ್ಟುಕೊಂಡಿರುತ್ತಾರೋ ಅಂತ ಅವತ್ತಿನಿಂದ ನನ್ನ ಲೆಕ್ಕ ಶುರುವಾಯಿತು. ಮದುವೆಯ ದಿನ ಛತ್ರದಲ್ಲಿ, ಹುಡುಗನ ಕಿವಿ ಮೊರದಗಲ ಇದೆ ಅಂತ ನಾನು ಅಂದದ್ದು ಅವರ ದೊಡ್ಡಪ್ಪನಿಗೆ ಕೇಳಿಸಿತ್ತು. ಅವರ ತಾಯಿ ಮಾಡಿದ ಉಪ್ಪಿಟ್ಟನ್ನು ಗಾರೆ ಅಂದಿದ್ದೆ. ಹ್ಯೂಸ್ಟನ್ನಿಗೆ ಬಂದ ಮೊದಲ ವಾರವೇ ಅವರ ಡ್ರೈವಿಂಗನ್ನು ಎಮ್ಮೆಗೆ ಹೋಲಿಸಿದ್ದೆ. ಇಪ್ಪತ್ತು ವರ್ಷದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದು ನನ್ನ ಮುಂದೆಯೇ ಕೂತವು. ಮನೆಯಲ್ಲಿ ಅತ್ತೆ, ಅಳಿಯನ ಕೈಯಲ್ಲಿ ಕತ್ತಿ. ನೀವೇ ಯೋಚನೆ ಮಾಡಿ.

ನನ್ನ ನಡವಳಿಕೆ ಬದಲಾಯಿತು. ಅವರಿಗೆ ಬಿಸಿ ದೋಸೆ, ಮೇಲೆ ತುಪ್ಪ. ಅವರು ಬಂದರೆ ಟಿವಿಯ ರಿಮೋಟು ಅವರ ಕೈಗೆ. ವಸುಧಾಳ ಕಣ್ಣು ಚುರುಕು.

"ಏನಮ್ಮ ಇದು, ಅವರಿಗೆ ಗರಿಗರಿ, ನನಗೆ ತಣ್ಣಗಿರೋದು?"

"ನೀನೇನು ಕತ್ತಿ ಕಲೀತಿದ್ದೀಯೇನೆ?" ಅಂದೆ.

ಕತ್ತಿಯೇ ಕಾಣದ ಮನೆಯಿಂದ ಬಂದವಳೇನಲ್ಲ ನಾನು. ತಿಪಟೂರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ಸೀರೆ ಸುತ್ತಿ ಈಳಿಗೆಮಣೆ ತಂದಿದ್ದೇನೆ. ವಿಮಾನ ಇಳಿದಲ್ಲಿ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ಅದನ್ನು ಎತ್ತಿ, ತಿರುಗಿಸಿ, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದ. ವಸುಧಾ ಬೀನ್ಸ್ ಹೆಚ್ಚುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದ ಮೇಲೆ ಒಳಗೆ ಬಿಟ್ಟ. ಐವತ್ತು ವರ್ಷದಿಂದ ಅದರ ಮುಂದೆ ಕೂತಿದ್ದೇನೆ, ಒಂದು ದಿನವೂ ಹೆದರಿಲ್ಲ. ಈಳಿಗೆ ಕೂತಲ್ಲೇ ಇರುತ್ತದೆ, ತರಕಾರಿಯೇ ಅದರ ಹತ್ತಿರ ಹೋಗಬೇಕು. ಕತ್ತಿ ಹಾಗಲ್ಲ, ಅದೇ ಬರುತ್ತದೆ.

ಮೂರನೆಯ ವರ್ಷಕ್ಕೆ ಶ್ರೀಧರರಿಗೆ ಕೆಲಸವೂ ಸಿಕ್ಕಿತು, ಆಸ್ಟಿನ್ನಿನಲ್ಲಿ. ಕಾಂಟ್ರಾಕ್ಟು, ಡಿಸೆಂಬರಿಗೆ ಮುಗಿಯುತ್ತದೆ, ಮುಂದಿನದು ಗೊತ್ತಿಲ್ಲ. ಸೋಮವಾರ ಬೆಳಗಾಗುವ ಮೊದಲೇ ಡ್ರೈವ್ ಮಾಡಿಕೊಂಡು ಹೋದರೆ ಗುರುವಾರ ಸಂಜೆ ಬರುತ್ತಿದ್ದರು. ಒಂದು ಭಾನುವಾರವೂ ಕ್ಲಾಸು ತಪ್ಪಿಸಲಿಲ್ಲ. ಅದೇ ಅಕ್ಟೋಬರಿನಲ್ಲಿ ಡಾಲಸ್ಸಿನಲ್ಲಿ ದೊಡ್ಡ ಪ್ರದರ್ಶನ, ಜಪಾನಿನಿಂದ ಹಿರಿಯರು ಬರುತ್ತಾರೆ, ಶ್ರೀಧರರು ಎಲ್ಲರೆದುರು ಒದ್ದೆ ಚಾಪೆಯ ಸುರುಳಿ ಕತ್ತರಿಸಬೇಕು ಅಂತಾಯಿತು. ಚಾಪೆ ಕತ್ತರಿಸುವುದಕ್ಕೆ ಮೂರು ವರ್ಷದ ಓದು. ಗರಾಜಿನ ದೊಡ್ಡ ಡಬ್ಬದಲ್ಲಿ ಚಾಪೆಗಳನ್ನು ನೆನೆಹಾಕಿದ್ದರು, ನಾವು ಇಡ್ಲಿಗೆ ಅಕ್ಕಿ ನೆನೆಹಾಕಿದ ಹಾಗೆ.

ಮೊಂಡು ಕತ್ತಿಯಲ್ಲಿ ಚಾಪೆ ಕುಯ್ಯಲಾಗುವುದಿಲ್ಲವಲ್ಲ. ಹಾಗಾಗಿ ಅವರ ಮೇಷ್ಟ್ರು ತಮ್ಮ ನಿಜವಾದ ಕತ್ತಿಯನ್ನೇ, ಕೈಗೆ ಒಗ್ಗಲಿ ಅಂತ, ಒಂದು ವಾರ ಮೊದಲು ಕೊಟ್ಟು ಕಳಿಸಿದರು. ಮೇಷ್ಟ್ರ ಹೆಸರು ವಾಲ್ಟರ್. ಎಪ್ಪತ್ತು ದಾಟಿದ, ಬಾಗಿಲು ತುಂಬುವಷ್ಟು ಎತ್ತರದ ಬಿಳಿಯ ಮನುಷ್ಯ, ರೈಲ್ವೆಯಲ್ಲಿದ್ದು ರಿಟೈರಾದವರು. ಚಿಕ್ಕ ವಯಸ್ಸಿನಲ್ಲಿ ಜಪಾನಿನಲ್ಲಿ ಹನ್ನೆರಡು ವರ್ಷ ಇದ್ದು ಕಲಿತರಂತೆ. ಕತ್ತಿ ಅವರ ಗುರುಗಳು ಕೊಟ್ಟದ್ದು, ನೂರು ವರ್ಷಕ್ಕೂ ಹಳೆಯದು. ನಾನು ಶ್ರೀಧರರನ್ನು ನೇರವಾಗಿ ಕೇಳಿದೆ, ಇದು ಯಾರನ್ನಾದರೂ ಕೊಯ್ದಿದೆಯಾ ಅಂತ. ಇಲ್ಲ ಅತ್ತೆ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಸುಳ್ಳು ಹೇಳುವವರಲ್ಲ.

"ಗೊತ್ತಿಲ್ಲ ಅತ್ತೆ," ಅಂದರು. ಆಮೇಲೆ, "ನೀವು ಮುಟ್ಟಬೇಡಿ. ಕೈ ಕೊಯ್ಯುತ್ತೆ."

ಅದು ನನಗೆ ಏನು ಮಾಡುತ್ತದೆ ಅಂತ ಹೇಳಿದರು. ನಾನು ಅದಕ್ಕೆ ಏನು ಮಾಡಬಹುದು ಅಂತ ಹೇಳಲಿಲ್ಲ. ಪೂರ್ತಿ ತಪ್ಪು ನನ್ನದೇ ಅಂತ ಒಪ್ಪಿಕೊಂಡಿದ್ದೇನೆ, ಆದರೂ ಇಷ್ಟು ಮಾತು ಬರೆದಿಡುತ್ತೇನೆ.

ಕತ್ತಿಯನ್ನು ಇಟ್ಟದ್ದು ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿ. ಕ್ಲಾಸೆಟ್ಟಿನ ಗೋಡೆಗೆ ಆಚೆ ಬದಿಯಲ್ಲಿ ನನ್ನ ಮಂಚ. ಅಮೆರಿಕದ ಗೋಡೆ ಗೊತ್ತಲ್ಲ, ಬೆರಳಲ್ಲಿ ಕುಟ್ಟಿದರೆ ಡಬ್ಬದ ಸದ್ದು. ನಾನು ದಿಂಬನ್ನು ಕಾಲ ಕಡೆಗೆ ತಂದುಕೊಂಡೆ. ಆಮೇಲೆ, ಕಾಲು ಹೋದರೆ ಮಾತ್ರ ಏನು ಲಾಭ ಅನ್ನಿಸಿ ಮಂಚವನ್ನೇ ಎಳೆಯಲು ನೋಡಿದೆ, ಕದಲಲಿಲ್ಲ.

ಇಂಥ ಹೊತ್ತಿಗೆ ಆಯುಧಪೂಜೆ ಬಂತು. ಮಂಗಳವಾರ. ಶ್ರೀಧರರು ಆಸ್ಟಿನ್ನಿನಲ್ಲಿ, ವಸುಧಾ ಕೆಲಸಕ್ಕೆ, ನಿಶಾ ಸ್ಕೂಲಿಗೆ. ಪ್ರತಿ ವರ್ಷದ ಹಾಗೆ ಸಾಮಾನುಗಳನ್ನು ಸಾಲಾಗಿ ಜೋಡಿಸಿದೆ. ಮಿಕ್ಸಿ, ಕಂಪ್ಯೂಟರು, ಹೊಲಿಗೆ ಮಿಷನ್ನು, ಈಳಿಗೆಮಣೆ, ಹುಲ್ಲು ಕತ್ತರಿಸುವ ಮಿಷನ್ನು, ಕಸ ಎಳೆಯುವ ವ್ಯಾಕ್ಯೂಮು. ವ್ಯಾಕ್ಯೂಮಿಗೆ ಕುಂಕುಮ ಇಡುವಾಗ ಕೈ ನಿಂತಿತು. ಇಷ್ಟು ವರ್ಷ ಈ ದೇಶದಲ್ಲಿ ಕಸದ ಚೀಲಕ್ಕೆ ಆಯುಧ ಅಂತ ಪೂಜೆ ಮಾಡಿದ್ದೇನೆ. ಈಗ ಮನೆಯಲ್ಲಿ ನಿಜವಾದ ಆಯುಧ ಇದೆ, ಅದನ್ನು ಕೋಟುಗಳ ಮಧ್ಯೆ ಕತ್ತಲಲ್ಲಿ ನಿಲ್ಲಿಸಿ ಕಸದ ಮಿಷನ್ನಿಗೆ ಆರತಿ ಎತ್ತಿದರೆ ಅದಕ್ಕೆ ಏನನ್ನಿಸಬಹುದು? ಅದೂ ಎಷ್ಟು ಜನರನ್ನು ಕಂಡಿದೆಯೋ ಗೊತ್ತಿಲ್ಲದ ಕತ್ತಿ. ಅದೂ ನನ್ನ ತಲೆಯಿಂದ ಒಂದು ಹಲಗೆಯಾಚೆ. ಭಕ್ತಿಯಿಂದ ಪೂಜೆ ಮಾಡಿದೆ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಹೆದರಿ ಮಾಡಿದೆ.

ಎರಡು ಕೈಯಲ್ಲಿ ಎತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿಸಿ, ಮುಖ ಆಚೆ ತಿರುಗಿಸಿಕೊಂಡು ಒರೆಯಿಂದ ಎಳೆದೆ. ಲವಂಗದ ವಾಸನೆ ಬಂತು. ನೋಡಿದರೆ ಅಲಗಿನ ತುಂಬ ಎಣ್ಣೆಯ ಜಿಡ್ಡು. ರೈಲ್ವೆಯವರು, ಎಲ್ಲಕ್ಕೂ ಎಣ್ಣೆ ಬಿಟ್ಟುಕೊಂಡು ಕೂರುತ್ತಾರೆ ಅಂದುಕೊಂಡೆ. ಜಿಡ್ಡಿನ ಮೇಲೆ ವಿಭೂತಿ ನಿಲ್ಲುತ್ತದೆಯೇ? ಸಿಂಕಿನಲ್ಲಿ ಹಿತ್ತಾಳೆ ದೀಪಗಳನ್ನು ತೊಳೆಯಲು ಹುಣಸೆಹಣ್ಣು, ಉಪ್ಪು ಕಲಸಿಟ್ಟಿದ್ದೆ. ಅದರಲ್ಲೇ ಇದನ್ನೂ ತಿಕ್ಕಿದೆ, ಬೆನ್ನಿನ ಕಡೆಯಿಂದ, ಉಸಿರು ಹಿಡಿದುಕೊಂಡು. ನೀರು ಬಿಟ್ಟು ತೊಳೆದೆ. ಒರೆಸಿದೆ. ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಮೂರು ಗೆರೆ ಎಳೆದು, ನಡುವೆ ಕುಂಕುಮ, ಎರಡು ಬದಿಗೆ ಅರಿಶಿನ ಇಟ್ಟೆ. ಹಿಡಿಗೆ ಸೇವಂತಿಗೆ ಹೂ ಕಟ್ಟಿದೆ. ನಿಂಬೆಹಣ್ಣು ಕುಯ್ಯಬೇಕಲ್ಲ, ಅಲಗಿನ ಚೂಪನ್ನು ಮೇಲಕ್ಕೆ ತಿರುಗಿಸಿ ಹಣ್ಣನ್ನು ಅದರ ಮೇಲೆ ಇಟ್ಟೆ, ಅಷ್ಟೆ. ಒತ್ತಲಿಲ್ಲ. ಹಣ್ಣು ಎರಡು ಹೋಳಾಗಿ ಆ ಕಡೆ ಒಂದು, ಈ ಕಡೆ ಒಂದು ಮಲಗಿತು. ಸದ್ದಿಲ್ಲ. ಕುಯ್ದದ್ದು ನಿಂಬೆಹಣ್ಣಿಗೇ ಗೊತ್ತಾಗಿರಲಿಕ್ಕಿಲ್ಲ.

ನಾಲ್ಕು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಆರತಿ ಎತ್ತಿದೆ. "ಅಪ್ಪಾ, ನೀನು ಹಿಂದೆ ಯಾರನ್ನು ಕೊಯ್ದಿದ್ದೀಯೋ ನನಗೆ ಬೇಡ. ಈ ಮನೇಲಿ ಚಾಪೆ ಬಿಟ್ಟು ಬೇರೇನೂ ಕೊಯ್ಯಬೇಡ," ಅಂದೆ. ಮಧ್ಯಾಹ್ನದವರೆಗೆ ಹಾಗೇ ಬಿಟ್ಟೆ. ವಸುಧಾ ಬರುವುದರೊಳಗೆ ಹೂ ತೆಗೆದು, ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೆರಗಿನಲ್ಲಿ ಇನ್ನೊಂದು ಸಲ ಒರೆಸಿ, ಒರೆಗೆ ತುರುಕಿ ಕ್ಲಾಸೆಟ್ಟಿನಲ್ಲಿ ನಿಲ್ಲಿಸಿದೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಶುಕ್ರವಾರ ಮಧ್ಯಾಹ್ನ ಶ್ರೀಧರರು ಕತ್ತಿ ಈಚೆ ತೆಗೆದರು. ನಾನು ನೆಲದ ಮೇಲೆ ಬೀನ್ಸ್ ಹೆಚ್ಚುತ್ತಾ ಕೂತಿದ್ದೆ. ಯಾವಾಗಲೂ ಸದ್ದಿಲ್ಲದೆ ಬರುವ ಅಲಗು, ಮರಳ ಮೇಲೆ ಚೆಂಬು ಎಳೆದ ಹಾಗೆ ಕರಕರ ಅಂತು. ತಲೆ ಎತ್ತಿ ನೋಡಿದೆ. ಅಲಗಿನ ಮೇಲೆ ಕೆಂಪುಕಂದು ತುಕ್ಕು. ಸುಮ್ಮನೆ ಅಲ್ಲಲ್ಲಿ ಎದ್ದ ತುಕ್ಕಾಗಿದ್ದರೆ ಹವೆಯ ಮೇಲೆ ಹಾಕಬಹುದಿತ್ತು. ಇದು ಮೂರು ಗೆರೆ. ಅಚ್ಚುಕಟ್ಟಾಗಿ ಮೂರು ಗೆರೆ, ನಡುವೆ ಒಂದು ಬೊಟ್ಟು. ಪಕ್ಕದಲ್ಲಿ ಹೆಬ್ಬೆರಳ ಗುರುತು, ರೇಷನ್ ಕಾರ್ಡಿಗೆ ಒತ್ತಿದ ಹಾಗೆ. ಹಣೆ ಒಂದು ಇರಲಿಲ್ಲ, ಅಷ್ಟೆ.

ಅವರು ಆ ಗೆರೆಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬೀನ್ಸನ್ನು ನೋಡಿದೆ. ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ವಸುಧಾ ಒಳಗಿನಿಂದ ಏನಾಯ್ತು ಅಂತ ಕೂಗಿದಳು.

"ಏನಿಲ್ಲ. ಈ ಸಲ ಹ್ಯುಮಿಡಿಟಿ ಜಾಸ್ತಿ," ಅಂದರು.

ವಸುಧಾ ಬಂದು ನೋಡಿ, ಬೇರೆಯವರ ವಸ್ತು ತಂದು ಕೋಟುಗಳ ಜೊತೆ ತುರುಕಿದರೆ ಇನ್ನೇನಾಗುತ್ತೆ, ಎಂದು ಗಂಡನಿಗೆ ಸರಿಯಾಗಿ ಹೇಳಿದಳು. ಪಾಪ, ಕನ್ನಡಕ ಹಾಕಿರಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ಮೆಲ್ಲಗೆ ಒಂದು ವಿಷಯ ಹೇಳಿದರು. ಹಿಂದೆ ಒಬ್ಬ ಡೆಂಟಿಸ್ಟು ಇದೇ ಕ್ಲಾಸಿನಲ್ಲಿದ್ದನಂತೆ. ಮೇಷ್ಟ್ರು ಕೊಟ್ಟ ಕತ್ತಿಯನ್ನು ಒಂದೇ ಒಂದು ಬೆರಳ ಗುರುತಿನ ತುಕ್ಕು ಹತ್ತಿಸಿ ವಾಪಸ್ ಕೊಟ್ಟ. ಮೇಷ್ಟ್ರು ಬೈಯಲಿಲ್ಲ. ಥ್ಯಾಂಕ್ ಯೂ ಅಂತ ತೆಗೆದುಕೊಂಡರು. ಮುಂದಿನ ವಾರದಿಂದ ಅವನ ಹೆಸರು ಕರೆಯಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ಮೂರು ತಿಂಗಳು ಮೂಲೆಯಲ್ಲಿ ನಿಂತು ನೋಡಿ ಅವನು ಬಿಟ್ಟುಹೋದ. ಈಗ ಗಾಲ್ಫ್ ಆಡುತ್ತಾನಂತೆ.

ಶ್ರೀಧರರಿಗೆ ಗಾಲ್ಫ್ ಬರುವುದಿಲ್ಲ. ಕುರ್ಚಿಯಲ್ಲಿ ಕೂರುವುದು ಬರುತ್ತದೆ. ಡಿಸೆಂಬರಿಗೆ ಕಾಂಟ್ರಾಕ್ಟು ಮುಗಿಯುತ್ತದೆ. ಭಾನುವಾರದ ಕ್ಲಾಸೂ ಹೋದರೆ ಆ ಒರಗು ಕುರ್ಚಿ ಹಾಲಿನಲ್ಲಿ ಹಾಗೇ ಇದೆ. ನನ್ನ ಈಳಿಗೆ ತಪ್ಪಿ ಬೆರಳು ಕೊಯ್ದುಕೊಂಡೆ. ಐವತ್ತು ವರ್ಷದಲ್ಲಿ ಮೊದಲನೆಯ ಸಲ.

ಶನಿವಾರ ಡಾಲಸ್ಸಿಗೆ ನಾನೂ ಬರುತ್ತೇನೆ ಅಂದೆ. ವಸುಧಾಳಿಗೆ ಅವತ್ತೂ ಕೆಲಸ. ಹದಿನಾಲ್ಕು ವರ್ಷದ ನಿಶಾ, ಶ್ರೀಧರರು, ನಾನು. ನಾಲ್ಕು ಗಂಟೆಯ ದಾರಿ. ಅವರು ಎಮ್ಮೆಯ ಹಾಗೇ ಡ್ರೈವ್ ಮಾಡಿದರು, ನಾನು ಈ ಸಲ ಬೈಯಲಿಲ್ಲ. ಹೇಳಿಬಿಡಬೇಕು ಅಂತ ಮೂರು ಸಲ ಬಾಯಿ ತೆರೆದೆ. ಒಂದು ಸಲ ನೀರು ಬೇಕು ಅಂದೆ, ಇನ್ನೊಂದು ಸಲ ಎಸಿ ಕಡಿಮೆ ಮಾಡಿ ಅಂದೆ, ಮೂರನೆಯ ಸಲ ಬಾಯಿ ಮುಚ್ಚಿದೆ. ಡಿಕ್ಕಿಯಲ್ಲಿ ಮಲಗಿದ್ದ ಕತ್ತಿ ನನ್ನ ಬೆನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು.

ಪ್ರದರ್ಶನದ ಜಾಗ ಒಂದು ದೊಡ್ಡ ಆಟದ ಹಾಲು. ಜಪಾನಿನ ಇಬ್ಬರು ಹಿರಿಯರು ಮೇಜಿನ ಹಿಂದೆ ಕೂತಿದ್ದರು, ಕಣ್ಣು ಮಿಟುಕಿಸಿದ್ದು ನಾನು ನೋಡಲಿಲ್ಲ. ನಾನೂ ನಿಶಾಳೂ ಮಡಚುವ ಕುರ್ಚಿಯಲ್ಲಿ ಕೂತೆವು. ಶುರುವಾಗುವ ಮೊದಲು ಶ್ರೀಧರರು ವಾಲ್ಟರ್ ಮೇಷ್ಟ್ರ ಮುಂದೆ ಮಂಡಿಯೂರಿ ಎರಡು ಕೈಯಲ್ಲಿ ಕತ್ತಿ ಒಪ್ಪಿಸಿದರು. ಮೇಷ್ಟ್ರು ಒರೆಯಿಂದ ಒಂದು ಗೇಣು ಎಳೆದರು. ನೋಡಿದರು. ಮೂಗಿನ ಹತ್ತಿರ ಹಿಡಿದರು. ಲವಂಗದ ಜಾಗದಲ್ಲಿ ಹುಣಸೆಹಣ್ಣು ಬಂದಿರಬೇಕು, ಹುಬ್ಬು ಸ್ವಲ್ಪ ಎದ್ದಿತು. ಶ್ರೀಧರರು ತಲೆ ತಗ್ಗಿಸಿ ಏನೋ ಹೇಳಿದರು. ಹ್ಯುಮಿಡಿಟಿ ಅನ್ನುವುದು ಮಾತ್ರ ಕೇಳಿಸಿತು.

ಮೇಷ್ಟ್ರು ಕತ್ತಿ ಮುಚ್ಚಿ ಪಕ್ಕಕ್ಕಿಟ್ಟು, "ಥ್ಯಾಂಕ್ ಯೂ," ಅಂದರು.

ಡೆಂಟಿಸ್ಟಿಗೆ ಅಂದದ್ದೂ ಅದನ್ನೇ.

ಶ್ರೀಧರರು ಹೋಗಿ ಸಾಲಿನ ಕೊನೆಯಲ್ಲಿ ಕೂತರು. ಮೇಷ್ಟ್ರು ಒಬ್ಬೊಬ್ಬರ ಹೆಸರೂ ಕರೆದರು, ಒಬ್ಬೊಬ್ಬರೂ ಎದ್ದು ಚಾಪೆ ಕತ್ತರಿಸಿದರು. ತುಂಡುಗಳು ದಪದಪ ಬಿದ್ದವು. ಶ್ರೀಧರರ ಹೆಸರು ಬರಲಿಲ್ಲ. ನನ್ನ ಕುರ್ಚಿಯಿಂದ ಕಾಣುತ್ತಿದ್ದುದು ಅವರ ಬೆನ್ನು, ಕುತ್ತಿಗೆ. ಕೂದಲು ಕತ್ತರಿಸಿಕೊಂಡು ಬಂದಿದ್ದರು, ಈ ದಿನಕ್ಕಾಗಿಯೇ. ಅದು ಬಿಟ್ಟರೆ ಅದೇ ಬೆನ್ನು. ಮುಂದೆ ಟಿವಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಎದ್ದು ಚಪ್ಪಲಿ ಬಿಟ್ಟೆ. "ಅಜ್ಜೀ, ನೋ. ವೇರ್ ಆರ್ ಯೂ ಗೋಯಿಂಗ್?" ಅಂತ ನಿಶಾ ಸೆರಗು ಹಿಡಿದಳು. ಸೆರಗಿನ ಜೊತೆಗೆ ಅವಳನ್ನೂ ಎಳೆದುಕೊಂಡು ನಡೆದೆ. ಬಿದ್ದ ಚಾಪೆಯ ತುಂಡುಗಳನ್ನು ಯಾರೋ ಗುಡಿಸುತ್ತಿದ್ದರು. ಇಪ್ಪತ್ತು ಜನ ಬಿಚ್ಚುಗತ್ತಿಯವರ ಮುಂದೆ ಗೋಡೆ ಸವರಿಕೊಂಡು ಹೋದೆ. ಮೇಷ್ಟ್ರ ಮುಂದೆ ನಿಂತು, ನಾನು ಹೇಳಿದ್ದನ್ನು ಹಾಗೇ ಇಂಗ್ಲಿಷಿನಲ್ಲಿ ಹೇಳು ಅಂತ ನಿಶಾಳಿಗೆ ಹೇಳಿದೆ. ಆಯುಧಪೂಜೆ ಅಂದರೇನು, ವ್ಯಾಕ್ಯೂಮಿಗೆ ಯಾಕೆ ಕುಂಕುಮ, ನನ್ನ ಮಂಚ ಎಲ್ಲಿದೆ, ಹುಣಸೆಹಣ್ಣು, ಉಪ್ಪು, ನಿಂಬೆಹಣ್ಣು, ಅಳಿಯಂದಿರದು ಏನೂ ತಪ್ಪಿಲ್ಲ, ಎಲ್ಲ ಹೇಳಿದೆ. ಐದು ನಿಮಿಷವಾದರೂ ಆಗಿರಬೇಕು.

ನಿಶಾ ಹೇಳಿದ್ದು ಇಷ್ಟು: "ಶೀ ಪ್ರೇಡ್ ಟು ಇಟ್."

ಮೇಷ್ಟ್ರು ಕತ್ತಿಯನ್ನು ಮತ್ತೆ ಒರೆಯಿಂದ ಎಳೆದರು. ಆಮೇಲೆ ಅಲಗಿನ ಮೂರು ಗೆರೆ ತೋರಿಸಿ ಏನೋ ಕೇಳಿದರು.

"ತ್ರೀ ಲೈನ್ಸ್ ಯಾಕೆ ಅಂತೆ," ಅಂದಳು ನಿಶಾ.

"ಅನ್ನ ಕೊಡೋ ವಸ್ತುಗೆ ವರ್ಷಕ್ಕೊಂದು ಸಲ ನಾವು ತಲೆ ಬಾಗ್ತೀವಿ ಅಂತ ಹೇಳು. ಇದು ಅನ್ನ ಕೊಡ್ಲಿಲ್ಲ. ಆದ್ರೆ ಇವರನ್ನ ಕುರ್ಚಿಯಿಂದ ಎಬ್ಬಿಸ್ತು ಅಂತ ಹೇಳು."

ನಿಶಾ ಅಪ್ಪನ ಕಡೆ ನೋಡಿದಳು. ಈ ಸಲ ನಾಲ್ಕು ಮಾತಲ್ಲಿ ಮುಗಿಸಲಿಲ್ಲ, ನಿಧಾನವಾಗಿ ಹೇಳಿದಳು. ಮೇಷ್ಟ್ರು ತಲೆಯಾಡಿಸಿ ಒಂದು ಮಾತು ಅಂದರು.

"ಅವ್ರೂ ಕತ್ತಿಗೆ ಬೋ ಮಾಡ್ತಾರಂತೆ ಅಜ್ಜಿ. ಬಟ್ ಡ್ರೈ ಹ್ಯಾಂಡ್ಸ್."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮೇಷ್ಟ್ರು ಶ್ರೀಧರರನ್ನು ಹತ್ತಿರ ಕರೆದು, ನಿನಗೆ ಇದು ಗೊತ್ತಿತ್ತಾ ಅಂತ ಕೇಳಿದರು, ನಿಶಾ ನನಗೆ ಹೇಳುತ್ತಾ ಹೋದಳು. ಇವರು ಎಸ್ ಅಂದರು. ಹಾಗಾದರೆ ನನಗೆ ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದರು. ಬೈದ ದನಿಯಲ್ಲ, ಆದರೆ ಪಕ್ಕದಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಶ್ರೀಧರರು ನನ್ನ ಕಡೆ ನೋಡಿದರು, ನೆಲ ನೋಡಿದರು.

"ಐ ಆಮ್ ಮೋರ್ ಅಫ್ರೇಡ್ ಆಫ್ ಹರ್," ಅಂದರು.

ನಿಶಾ ಇದನ್ನು ಕನ್ನಡಕ್ಕೆ ತರಲಿಲ್ಲ. ತರಬೇಕಾಗಿಯೂ ಇರಲಿಲ್ಲ. ನನಗೆ ಬರುವ ಹತ್ತು ಇಂಗ್ಲಿಷ್ ಮಾತಿನಲ್ಲಿ ಅಫ್ರೇಡ್ ಒಂದು. ಪಕ್ಕದ ಮನೆಯವಳಿಗೆ ಅವಳ ನಾಯಿಯ ವಿಷಯ ಹೇಳಲು ನಿಶಾಳ ಹತ್ತಿರವೇ ಕಲಿತದ್ದು.

ವಾಲ್ಟರ್ ಮೇಷ್ಟ್ರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ನಗುತ್ತಿದ್ದರು. ಅವರು ನಕ್ಕದ್ದನ್ನು ಮೂರು ವರ್ಷದಲ್ಲಿ ನೋಡಿರಲಿಲ್ಲ ಅಂತ ಶ್ರೀಧರರು ಆಮೇಲೆ ಹೇಳಿದರು. ನಕ್ಕರು ಅಂತ ಬಿಟ್ಟುಬಿಡಲೂ ಇಲ್ಲ. ಇವತ್ತು ಶ್ರೀಧರರಿಗೆ ಚಾಪೆ ಇಲ್ಲ, ಕತ್ತಿ ಇವರ ವಶದಲ್ಲಿತ್ತು, ಸುಳ್ಳೂ ಇವರದೇ. ಕತ್ತಿಯನ್ನು ಜಪಾನಿಗೆ ಕಳಿಸಿ ಉಜ್ಜಿಸಬೇಕು, ಒಂದು ವರ್ಷವಾದರೂ ಆಗುತ್ತದೆ, ಹೆಬ್ಬೆರಳ ಗುರುತು ಪೂರ್ತಿ ಹೋಗುತ್ತದೋ ಇಲ್ಲವೋ. ಅದು ವಾಪಸ್ ಬರುವವರೆಗೆ ಪ್ರತಿ ಭಾನುವಾರ ಕ್ಲಾಸಿಗೆ ಮೊದಲೇ ಬಂದು ನೆಲ ಒರೆಸಬೇಕು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಇನ್ನೂ ಏನೋ ಅಂದರು.

"ಯೂ ಟೂ, ಅಜ್ಜಿ," ಅಂದಳು ನಿಶಾ. "ನಾಳೆ ಏಯ್ಟ್ ಓ ಕ್ಲಾಕ್."

ವಾಪಸ್ ಬರುವಾಗ ಅರ್ಧ ದಾರಿಗೆ ನಾನೇ ಕೇಳಿದೆ.

"ಅಷ್ಟು ಜನದ ಮುಂದೆ ಹಾಗಂದ್ರಲ್ಲ, ನಾನೇನು ನಿಮ್ಮನ್ನ ಹೊಡೆದಿದ್ದೀನಾ?"

"ಇಲ್ಲ ಅತ್ತೆ," ಅಂದರು ಶ್ರೀಧರರು, ರಸ್ತೆಯಿಂದ ಕಣ್ಣು ತೆಗೆಯದೆ. ಆಮೇಲೆ ಕನ್ನಡಿ ಸರಿಮಾಡಿಕೊಂಡು, "ನನ್ನ ಕಿವಿ ಅಷ್ಟೊಂದು ದೊಡ್ಡದಾ?" ಅಂದರು.

ಛತ್ರದಲ್ಲಿ ದೊಡ್ಡಪ್ಪನಿಗೆ ಮಾತ್ರ ಕೇಳಿಸಿತ್ತು ಅಂತ ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಇಬ್ಬರೂ ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ಹೆದರಿಕೊಂಡು, ನಾನು ಬೈದುಕೊಂಡು, ಅವರು ಸುಮ್ಮನಿದ್ದುಕೊಂಡು ಕಾಲ ಕಳೆದಿದ್ದೇವೆ. ಕತ್ತಿ ಬರುವ ಮೊದಲೇ.

ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ, ಕೈಯನ್ನು ಮೂರು ಸಲ ಒರೆಸಿಕೊಂಡು, ಅವರಿಗಿಂತ ಮೊದಲೇ ಕಾರಿನ ಹತ್ತಿರ ನಿಂತಿದ್ದೆ. ಮೇಷ್ಟ್ರು ಬಾಗಿಲು ತೆರೆದು, ಬಕೆಟ್ಟು ತೋರಿಸಿ, ಇಬ್ಬರ ಕೈಗೂ ಒಂದೊಂದು ಬಟ್ಟೆ ಕೊಟ್ಟರು. ನನಗೆ ಸಮಾಧಾನವಾಯಿತು. ನೆಲ ಒರೆಸುವುದರಲ್ಲಿ ಈ ದೇಶದಲ್ಲಿ ಯಾರೂ ನನಗೆ ಹೇಳಿಕೊಡುವ ಹಾಗಿಲ್ಲ. ಕುಕ್ಕರುಗಾಲಲ್ಲಿ ಕೂತು, ನಮ್ಮ ಕಡೆಯ ಪದ್ಧತಿಯಂತೆ ಅರ್ಧಚಂದ್ರಾಕಾರವಾಗಿ ಕೈಯಾಡಿಸುತ್ತಾ, ಒರೆಸಿದ ಜಾಗ ತುಳಿಯದ ಹಾಗೆ ಹಿಂದೆ ಹಿಂದೆ ಸರಿಯುತ್ತಾ, ಮೂಲೆಯಿಂದ ಮೂಲೆಗೆ ಒರೆಸಿ ಮುಗಿಸಿ ತಲೆ ಎತ್ತಿದೆ. ಮೇಷ್ಟ್ರು ನಿಂತು ನೋಡುತ್ತಿದ್ದರು. ತಲೆ ಅಡ್ಡಡ್ಡ ಆಡಿಸಿ, ಕೈ ಚಾಚಿ ಎದುರಿನ ಗೋಡೆ ತೋರಿಸಿದರು. ಒರೆಸ್ತಾ ಹಿಂದಕ್ಕೆ ಹೋಗಬಾರದಂತೆ, ಬಟ್ಟೆ ಮುಂದೆ ತಳ್ಳಿಕೊಂಡು ನೇರವಾಗಿ ಹೋಗಬೇಕಂತೆ ಅತ್ತೆ, ಎಂದು ಶ್ರೀಧರರು ಪಕ್ಕದಿಂದ ತಿಳಿಸಿದರು. ಅವರ ಮುಖದಲ್ಲಿ ಏನಿತ್ತೆಂದು ನಾನು ತಿರುಗಿ ನೋಡಲಿಲ್ಲ.

ಅರವತ್ತು ವರ್ಷ ನೆಲ ಒರೆಸಿದವಳು ನಾನು. ನಾಲಗೆಯ ತುದಿಗೆ ಬಂದದ್ದು ಬಹಳ ಇತ್ತು. ಗೋಡೆಯ ಮೇಲೆ ಸಾಲಾಗಿ ಒಂಬತ್ತು ಕತ್ತಿಗಳಿದ್ದವು. ಬಟ್ಟೆ ಹಿಂಡಿಕೊಂಡು ಮೊದಲಿನಿಂದ ಮತ್ತೆ ಒರೆಸಿದೆ.